ನೂರು ಕೋಳಿಯ ಬಾಟ್ಲಿ

"ಅದರಾಗ ಚಾ ಹಾಕಬ್ಯಾಡ್ರಿ!"

ಕುಲ್ಸುಮಬಿ ಕೂಗಿ ಎದ್ದೇಬಿಟ್ಟಳು. ನಸುಕಿನಿಂದ ಗಂಡನ ತಲೆದೆಸೆಯಲ್ಲಿ ಗೋಡೆಗೆ ಒರಗಿ ಕೂತವಳು ಆಕೆ. ಬಳೆ ಒಡೆಯುವಾಗಲೂ ತುಟಿ ಬಿಚ್ಚಿರಲಿಲ್ಲ. ಸುತ್ತ ಕೂತ ಹೆಂಗಸರು ಸೆರಗು ಸರಿಸಿ ನೋಡುವಷ್ಟರಲ್ಲಿ, ಚಾಚಿದ ಕಾಲುಗಳನ್ನೆಲ್ಲ ದಾಟಿ ಅಡುಗೆಮನೆಗೆ ಹೋಗಿಯಾಗಿತ್ತು.

ಅಲ್ಲಿ ಆಕೆಯ ನೆಗೆಣ್ಣಿ, ಅಂದರೆ ಭಾವ ಶಮಶೇರಸಾಬನ ಹೆಂಡತಿ, ಕೆಂಪು ಥರ್ಮಾಸನ್ನು ತೊಳೆದು ಕೈಯಲ್ಲಿ ಹಿಡಿದಿದ್ದಳು. ಪಕ್ಕದ ಮನೆಯಿಂದ ಬಂದ ಚಹಾದ ಪಾತ್ರೆ ಕಟ್ಟೆಯ ಮೇಲಿತ್ತು.

"ಇದರಾಗಿಂದು ಎಲ್ಲಿ?"

"ಏನಿತ್ತ ಅದರಾಗ? ಬರ್ಫ್ ಕರಗಿದ ನೀರು. ಬಚ್ಚಲಿಗೆ ಚೆಲ್ಲೀನಿ. ಎರಡು ಸಣ್ಣ ಶೀಷೆ ಇದ್ವು, ಕಿಡಕ್ಯಾಗ ಇಟ್ಟೇನಿ ನೋಡು."

ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಬೆರಳುದ್ದದ ಎರಡು ಶೀಷೆ. ಒಂದರ ತಳದಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ಅದನ್ನು ಕಲಸುವ ನೀರು. ಕುಲ್ಸುಮಬಿ ಎರಡನ್ನೂ ಬಾಚಿ ಮುಷ್ಟಿಯಲ್ಲಿ ಹಿಡಿದಳು. ಮುಷ್ಟಿಯೂ ಬಿಸಿ ಎಂದು ಆ ಕ್ಷಣಕ್ಕೇ ಹೊಳೆದು, ಹರವಿಯ ತಣ್ಣೀರನ್ನು ಚರಿಗೆಗೆ ಸುರಿದು ಅದರಲ್ಲಿ ಮುಳುಗಿಸಿದಳು. ಥರ್ಮಾಸು ಕಸಿದುಕೊಂಡಳು. ಚರಿಗೆ, ಥರ್ಮಾಸು ಎರಡನ್ನೂ ಹಿಡಿದುಕೊಂಡೇ ಬಂದು ಹೆಣದ ಪಕ್ಕ ಕೂತಳು.

"ತಲಿ ಕೆಟ್ಟೈತಿ, ಪಾಪ," ಎಂದಳು ಯಾರೋ.

ತಲೆ ಕೆಟ್ಟಿರಲಿಲ್ಲ. ಆಕೆಯ ಕಿವಿ ಓಣಿಯ ಕಡೆಗಿತ್ತು. ಬ್ಯಾಡಗಿಯ ಆ ಓಣಿಯ ಮೂವತ್ತು ನಲವತ್ತು ಮನೆಗಳಲ್ಲಿ ಅಂದು ಯಾರೂ ಕೋಳಿ ಹೊರಗೆ ಬಿಟ್ಟಿರಲಿಲ್ಲ. 'ನಾಳೆ ನಸುಕಿಗೆ ಬರ್ತೇನಿ, ಬುಟ್ಟಿ ಎತ್ತಬ್ಯಾಡ್ರಿ' ಎಂದು ಆಕೆಯ ಗಂಡ ಫಕ್ಕೀರಸಾಬ ಹಿಂದಿನ ಸಂಜೆ ಮನೆಮನೆಗೆ ಹೇಳಿ ಬಂದಿದ್ದ. ನಸುಕಿನಲ್ಲಿ ಚಪ್ಪಲಿ ಮೆಟ್ಟಲು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಕೇಳಿದ ಹೆಂಗಸರು ಇದ್ದುದನ್ನು ಇದ್ದಂತೆ ಬಿಟ್ಟು ಓಡಿ ಬಂದಿದ್ದರು. ಈಗ ಹತ್ತು ಗಂಟೆಯ ಬಿಸಿಲಲ್ಲಿ ಬುಟ್ಟಿಗಳ ಅಡಿಯಿಂದ, ಗೂಡುಗಳ ಒಳಗಿಂದ ಕೋಳಿಗಳು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮನೆ ಒದರುತ್ತಿದ್ದವು.

* * *

ಹನ್ನೆರಡು ವರ್ಷದ ಹಿಂದೆ ಹೀಗೇ ಒಂದು ಬೇಸಿಗೆಯಲ್ಲಿ ಕುಲ್ಸುಮಬಿಯ ಹಿತ್ತಲು ಎಂಟು ದಿನದಲ್ಲಿ ಬರಿದಾಗಿತ್ತು. ಮೊದಲ ದಿನ ಮೊಟ್ಟೆ ಇಡುವ ಒಂದು ಹ್ಯಾಟಿ ರೆಕ್ಕೆ ಇಳಿಬಿಟ್ಟು ತೂಕಡಿಸಿತು. ಮರುದಿನ ಹಸಿರು ಹೇಲು. ಮೂರನೆಯ ದಿನ ಅದರ ಕತ್ತು ಹಗ್ಗ ಹೊಸೆದಂತೆ ತಿರುಚಿಕೊಂಡು ಬೆನ್ನಿಗೆ ಹತ್ತಿತು. ಆಮೇಲೆ ಒಂದರ ಹಿಂದೊಂದು. ಅರಿಷಿಣ, ಬೆಳ್ಳುಳ್ಳಿ, ತಾಯಿತ, ಯಾವುದೂ ನಿಲ್ಲಿಸಲಿಲ್ಲ. ಹದಿನೆಂಟು ಕೋಳಿ ಹೂಳಿದ ಮೇಲೆ ಆಕೆ ಎರಡು ದಿನ ಒಲೆ ಹಚ್ಚಲಿಲ್ಲ.

ಫಕ್ಕೀರಸಾಬ ಗಾದಿ ಹೊಲಿಯುವವನು. ಹೆಗಲಿಗೆ ಹತ್ತಿ ಹಿಂಜುವ ಬಿಲ್ಲು ಹಾಕಿಕೊಂಡು ಸೈಕಲ್ಲಿನಲ್ಲಿ ಊರೂರು ಅಲೆಯುತ್ತಿದ್ದ. ಕೋಳಿ ಅವನ ಪಾಲಿಗೆ ಹೆಂಡತಿಯ ಉಸಾಬರಿ. ಗಾದಿಯ ಹತ್ತಿಯಲ್ಲಿ ಹೋಗಿ ಮೊಟ್ಟೆ ಇಡುವ ಪೀಡೆ. ಆದರೂ ಮೂರನೆಯ ದಿನ ಎದ್ದವನೇ ಬಸ್ಸು ಹಿಡಿದು ಹಾವೇರಿಯ ದನದ ದವಾಖಾನೆಗೆ ಹೋದ. ಅಲ್ಲಿಯ ಕಂಪೌಂಡರ ಚನ್ನಬಸಪ್ಪ ಎಲ್ಲ ಕೇಳಿ, "ಕೊಕ್ಕರೆ ರೋಗ ಇದು. ಬಂದ ಮ್ಯಾಲೆ ಔಷಧ ಇಲ್ಲ. ಬರೂಕಿಂತ ಮೊದಲ ಕಣ್ಣಾಗ ಒಂದು ಹನಿ ಹಾಕಿದ್ರ ಬರೂದಿಲ್ಲ," ಎಂದಿದ್ದ.

"ಹಂಗಾರ ಕೊಡ್ರಿ. ಹೊಸಾ ಕೋಳಿ ತರ್ತೇನಿ, ಹಾಕ್ತೇನಿ."

"ಎಷ್ಟು ತರ್ತಿ?"

"ನಾಕು."

ಚನ್ನಬಸಪ್ಪ ನಕ್ಕಿದ್ದ. "ಒಂದು ಬಾಟ್ಲಿ ನೂರು ಕೋಳಿಗೆ ಆಕ್ಕೈತಿ. ಬರ್ಫಿನಾಗ ಇಡಬೇಕು, ಒಮ್ಮೆ ಕಲಸಿದ್ರ ಎರಡು ತಾಸು. ಆಮ್ಯಾಲೆ ಅದು ಬರೇ ನೀರು. ನಾಕು ಕೋಳಿಗೆ ಯಾಂವ ಒಡದು ಕೊಡ್ತಾನ? ನೂರು ಕೋಳಿ ಗ್ವಾಳಿ ಮಾಡ್ಕೊಂಡು ಬಾ."

ಫಕ್ಕೀರಸಾಬ ಅದನ್ನು ನಗೆಚಾಟಿಕೆ ಎಂದುಕೊಳ್ಳಲಿಲ್ಲ. ಊರಿಗೆ ಬಂದು ಓಣಿಯ ಮನೆಮನೆಗೂ ಹೊಕ್ಕ. ನಿಮ್ಮಲ್ಲಿ ಎಷ್ಟು, ನಿಮ್ಮಲ್ಲಿ ಎಷ್ಟು. ಮೊದಲ ಸಲ ಅರವತ್ತೂ ಆಗಲಿಲ್ಲ, ಆದರೂ ಚನ್ನಬಸಪ್ಪನನ್ನು ಕಾಡಿ ಬಾಟ್ಲಿ ತಂದ. ಅದೇ ಓಣಿಯ ರೇಣುಕವ್ವ "ಕಣ್ಣಾಗ ದವಾ ಹಾಕಿ ಕುಡ್ಡ ಮಾಡ್ತೀ ಏನು?" ಎಂದು ಬಾಗಿಲು ಹಾಕಿಕೊಂಡಿದ್ದಳು. ಮರುವರ್ಷ ರೋಗ ಬಂದಾಗ ಹೋದದ್ದು ಅವಳ ಒಂಬತ್ತು ಕೋಳಿ ಮಾತ್ರ. ಅಂದಿನಿಂದ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಬುಟ್ಟಿ ಮುಚ್ಚಿಟ್ಟು ಕಾಯುವವಳು ಅವಳೇ.

ವರ್ಷಕ್ಕೆ ಎರಡು ಸಲ ಆ ಮುಂಜಾನೆ ಬರುತ್ತಿತ್ತು. ಕುಲ್ಸುಮಬಿ ಹಿಡಿಯುವುದು, ಅವನು ಹನಿ ಹಾಕುವುದು. ಹಿಡಿಯುವ ಕೆಲಸ ಸಣ್ಣದಲ್ಲ. "ಓಡಬ್ಯಾಡ. ಅದು ನಿನ್ನ ಕೈ ನೋಡೂದಿಲ್ಲ, ಕಾಲು ನೋಡ್ತೈತಿ," ಎನ್ನುತ್ತಿದ್ದ. ಎರಡೂ ರೆಕ್ಕೆ ಕೂಡಿಸಿ ಬಗಲಿಗೆ ಒತ್ತಿಕೊಂಡರೆ ಎಂಥ ಹುಂಜವೂ ಸುಮ್ಮನಾಗುತ್ತಿತ್ತು. ತೂಕಡಿಸುವ ಕೋಳಿ ಕಂಡರೆ ಅದಕ್ಕೆ ಹನಿ ಇಲ್ಲ. "ಇದನ್ನ ಬ್ಯಾರೆ ಇಡ್ರಿ, ಇದರ ನೀರಿನ ಬಟ್ಟಲಾನೂ ಬ್ಯಾರೆ ಇಡ್ರಿ," ಎಂದು ದಾಟಿ ಹೋಗುತ್ತಿದ್ದ. ಸಂತೆಯಿಂದ ಯಾರಾದರೂ ಹೊಸ ಕೋಳಿ ತಂದರೆ ಹತ್ತು ದಿನ ಹಳೆಯವುಗಳ ಜೊತೆ ಬಿಡಗೊಡುತ್ತಿರಲಿಲ್ಲ. ಅಂಗಡಿಯ ಸ್ಪಂಜಿನ ಗಾದಿ ಬಂದು ಬಿಲ್ಲು ಅಟ್ಟ ಸೇರಿದ ಮೇಲಂತೂ ಜನ ಅವನನ್ನು ಕೋಳಿ ಫಕ್ಕೀರಸಾಬ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

* * *

ಮಗಳು ಜೈತೂನ ಗಳಗನಾಥದ ಕಡೆಯಿಂದ ಎರಡು ಬಸ್ಸು ಬದಲಿಸಿ ಬರಬೇಕು. ಎಸ್‌ಟಿಡಿ ಬೂತಿನಿಂದ ಫೋನು ಹೋಗಿತ್ತು. "ಹುಡುಗಿ ಮಾರಿ ನೋಡ್ಲಿ. ಅಸರ್ ನಮಾಜ್ ಆದ ಮ್ಯಾಲೆ ಎತ್ತೋಣು," ಎಂದು ಶಮಶೇರಸಾಬ ಹೇಳಿದ. ಬಿಸಿಲಿನ ದಿನ, ಸಂಜೆ ಐದರವರೆಗೆ ಕಾಯಬೇಕು. ಹನ್ನೊಂದಕ್ಕೆ ಗೋಣಿಚೀಲದಲ್ಲಿ ಹೊಟ್ಟು ಮೆತ್ತಿದ ಮಂಜುಗಡ್ಡೆ ಬಂತು. ಗಂಡಸರು ಅದನ್ನು ಒಡೆದು ಹೆಣದ ಎರಡೂ ಮಗ್ಗುಲಿಗೆ ಇಟ್ಟು ಹೊರಗೆ ಹೋದರು.

ಕುಲ್ಸುಮಬಿ ಆ ಗಡ್ಡೆಗಳನ್ನೇ ನೋಡುತ್ತ ಕೂತಳು. ಚರಿಗೆಯ ನೀರು ಆಗಲೇ ಬೆಚ್ಚಗಾಗಿತ್ತು. ಮೂರು ಸಲ ಬೆರಳು ಅದ್ದಿ ನೋಡಿದ್ದಳು. ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ಆಮೇಲೆ ಕೈ ಚಾಚಿ, ಅವನ ತೋಳಿನ ಪಕ್ಕದಿಂದ ಮುಷ್ಟಿಯಷ್ಟು ಮಂಜು ಮುರಿದು ಥರ್ಮಾಸಿಗೆ ಹಾಕಿದಳು. ಮತ್ತೊಂದು ಚೂರು. ಶೀಷೆ ಎರಡನ್ನೂ ಒಳಗಿಳಿಸಿ ಬಿರಡೆ ತಿರುವಿದಳು. ಕೋಣೆಯಲ್ಲಿ ಅಳು ನಿಂತಿತು.

"ಏನ ಮಾಡಾಕತ್ತಿ ನೀ?" ನೆಗೆಣ್ಣಿ ಬಾಯಿಗೆ ಕೈ ಇಟ್ಟುಕೊಂಡಳು. "ಮಯ್ಯತ್ ಮುಂದಿನ ಬರ್ಫಿಗೆ ಕೈ ಹಚ್ಚೂದಂದ್ರ..."

ಹೊಸ್ತಿಲ ಬಳಿ ಕೂತಿದ್ದ ಗುಡ್ಡವ್ವ ಸರಿದು ಹತ್ತಿರ ಬಂದಳು. ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಮೂವತ್ತು ವರ್ಷದ ಒಡನಾಟ.

"ಕುಲ್ಸುಮಾ, ಬುಟ್ಟ್ಯಾಗ ಕುದ್ದು ಸಾಯ್ತಾವ. ಬಿಟ್ಟುಬಿಡ್ಲೇನು?"

"ಬಿಡ್ರಿ. ನೀರು ಇಡ್ರಿ. ದೂರ ಹೋಗಗೊಡಬ್ಯಾಡ್ರಿ. ಆಚಿ ಓಣ್ಯಾಗ ಬಂದ ರೋಗ ಹೆಂಗೈತಿ?"

"ಮುಂಜಾನೆ ಮತ್ತ ಎರಡು ಬಿದ್ದಾವಂತ. ಕತ್ತು ತಿರುವಿ." ಗುಡ್ಡವ್ವ ದನಿ ತಗ್ಗಿಸಿದಳು. "ರೇಣುಕವ್ವ ಕೇಳಾಕತ್ತಾಳ, ಇನ್ನ ಯಾರು ಹಾಕ್ತಾರ ಅಂತ. ಈಗ ಕೇಳೂ ಮಾತಲ್ಲ ಅಂತ ಬೈದೇನಿ."

ಕುಲ್ಸುಮಬಿಯ ಕೈ ಥರ್ಮಾಸಿನ ಮೇಲೆ ಬಿಗಿಯಾಯಿತು. ನಿನ್ನೆ ಮಧ್ಯಾಹ್ನ ಇದೇ ಥರ್ಮಾಸು ಹೆಗಲಿಗೆ ಹಾಕಿಕೊಂಡು ಬಂದವನು ಎದೆ ತಿಕ್ಕಿಕೊಳ್ಳುತ್ತ ಕಂಬಕ್ಕೆ ಆತು ನಿಂತಿದ್ದ, ಮುಖ ಬೂದಿಯಾಗಿತ್ತು. ಆಕೆಗೆ ಸಿಟ್ಟು ಬಂದಿತ್ತು. "ಊರ ಕೋಳಿಗೆಲ್ಲಾ ದವಾ ತರ್ತಿ, ನಿನ್ನ ಎದಿಗೆ ಒಂದು ಗುಳಿಗಿ ಸಿಗಲಿಲ್ಲೇನು? ನಾಳೆ ನಾ ಹಿಡಿಯಾಂಗಿಲ್ಲ. ಯಾರ ಕಡೆ ಹಿಡಿಸ್ತಿ ಹಿಡಿಸ್ಕೊ," ಎಂದಿದ್ದಳು. ಅವನು ನಕ್ಕು, ನೀರು ಕುಡಿದು, ಬುಟ್ಟಿ ಎತ್ತಬೇಡಿರೆಂದು ಹೇಳಲು ಓಣಿಗೆ ಹೋಗಿದ್ದ. ಮಲಗುವವರೆಗೂ ಆಕೆ ಮಾತು ಬಿಟ್ಟೇ ಇದ್ದಳು.

* * *

ಜೈತೂನ ಬಂದಾಗ ಮೂರೂವರೆ. ಬಾಗಿಲಲ್ಲೇ ಕುಸಿದು, "ಅಬ್ಬಾ" ಎಂದು ಚೀರಿದಳು. ಮಗಳನ್ನು ತಬ್ಬಿಕೊಂಡಾಗ ಕುಲ್ಸುಮಬಿಗೂ ಅಳು ಒಡೆಯಿತು. ಆದರೆ ಅದರ ನಡುವೆಯೂ ಕಣ್ಣು ಬಿಸಿಲು ಎಲ್ಲಿಗೆ ಬಂತೆಂದು ಅಂಗಳ ನೋಡಿತು. ನೋಡಿದ್ದಕ್ಕೆ ಆಕೆಗೆ ತನ್ನ ಮೇಲೇ ಅಸಹ್ಯವೆನಿಸಿತು.

ಮೈ ತೊಳೆಯಲು ಗಂಡಸರು ಒಯ್ದರು. ಕಳೆದ ಬಟ್ಟೆಗಳನ್ನು ಗಂಟು ಕಟ್ಟಿ ಮೂಲೆಗೆ ಎಸೆದರು. ಕುಲ್ಸುಮಬಿ ಗಂಟು ಬಿಚ್ಚಿ ಅಂಗಿ ತೆಗೆದಳು. ಎಡಗಿಸೆಯಲ್ಲಿ ಬಸ್ಸಿನ ಚೀಟಿ. ಬಲಗಿಸೆಯಲ್ಲಿ ಕಾಗದ ಸುತ್ತಿದ, ಹನಿ ಹಾಕುವ ಗಾಜಿನ ಡ್ರಾಪರು, ಒಡೆದಿರಲಿಲ್ಲ.

ಬಿಳಿ ಬಟ್ಟೆಯಲ್ಲಿ ಅವನ ಮುಖವಷ್ಟೇ ಕಾಣುವಂತೆ ತಂದಿಟ್ಟಾಗ ಆಕೆ ಕೊನೆಯ ಸಲ ನೋಡಿದಳು. ಗಡ್ಡದಲ್ಲಿ ನೀರಿನ ಹನಿ ನಿಂತಿತ್ತು. ಐದು ಗಂಟೆಗೆ ಹೊತ್ತುಕೊಂಡು ಹೋದರು. ಗಂಡಸರ ದನಿ ಓಣಿಯ ತಿರುವಿನವರೆಗೆ ಕೇಳಿ, ನಿಂತಿತು. ಮನೆಯಲ್ಲಿ ಉಳಿದವರು ಹೆಂಗಸರಷ್ಟೇ.

ಕುಲ್ಸುಮಬಿ ಮುಖ ಒರೆಸಿಕೊಂಡು ಎದ್ದಳು.

"ಗುಡ್ಡವ್ವಾ, ಎಲ್ಲಾರಿಗೂ ಹೇಳು. ಕೋಳಿ ಹಿಡ್ಕೊಂಡು ಹಿತ್ತಲಕ್ಕ ಬರ್ರಿ. ನಾ ಹೊಸ್ತಿಲ ದಾಟಿ ಹೊರಗ ಬರೂಹಂಗಿಲ್ಲ; ಗಂಡ ಸತ್ತಾಕಿಗೆ ಇದ್ದತ್ ಐತಿ. ಕೋಳಿನ ಇಲ್ಲಿಗೆ ಬರ್ಲಿ."

ನೆಗೆಣ್ಣಿ ಅಡ್ಡ ನಿಂತಳು. "ನಾಚಿಕಿ ಐತೇನು? ಗಂಡನ್ನ ಹೊತ್ತವರು ಇನ್ನೂ ಕಬರಸ್ಥಾನ ಮುಟ್ಟಿಲ್ಲ. ನೀ ಕೋಳಿ ಹಿಡಿಯಾಕ ನಿಂತಿ? ಜನಾ ಉಗುಳ್ತಾರ!"

"ಅಕ್ಕಾ, ಬರ್ಫ್ ಎಲ್ಲಾ ಕರಗಿದ್ರ ಇದು ಬರೇ ನೀರು. ಅಳೂದು ನಾಳೆನೂ ಬರ್ತೈತಿ, ನಾಡದೂ ಬರ್ತೈತಿ. ಇದನ್ನ ನಾಳೆ ಹಾಕಾಕ ಬರೂದಿಲ್ಲ."

ಅಷ್ಟು ಹೇಳಿ ಹಿತ್ತಲಿಗೆ ನಡೆದಳು. ಜೈತೂನ ಒಂದು ಗಳಿಗೆ ದೊಡ್ಡವ್ವನ ಮುಖ ನೋಡಿ, ಮೂಗು ಒರೆಸಿಕೊಂಡು ತಾಯಿಯ ಹಿಂದೆ ಹೋದಳು.

ಮೊದಲು ಬಂದವಳು ರೇಣುಕವ್ವ, ಎರಡೂ ಬಗಲಲ್ಲಿ ಎರಡು. ಅವಳ ಹಿಂದೆ ಗುಡ್ಡವ್ವ. ಆಮೇಲೆ ಬೆಳಗಿನಿಂದ ಅತ್ತು ಕಣ್ಣು ಕೆಂಪಾದ ಹೆಂಗಸರೆಲ್ಲ, ಮೆಣಸಿನಕಾಯಿ ತೊಟ್ಟು ಮುರಿದ ಘಾಟು ಇನ್ನೂ ಸೆರಗಿನಲ್ಲಿರುವವರು, ಒಬ್ಬೊಬ್ಬರಾಗಿ ಕೋಳಿ ಅವುಚಿಕೊಂಡು ಬಂದು ಸಾಲುಗಟ್ಟಿದರು. ಕುಲ್ಸುಮಬಿ ಪುಡಿಯ ಶೀಷೆಗೆ ನೀರು ಸುರಿದು ಮೆಲ್ಲಗೆ ಅಲುಗಿಸಿದಳು. ಹನ್ನೆರಡು ವರ್ಷ ಹಿಡಿದಿದ್ದಳೇ ಹೊರತು ಒಮ್ಮೆಯೂ ಹನಿ ಹಾಕಿರಲಿಲ್ಲ.

ಜೈತೂನ ಮೊದಲ ಹ್ಯಾಟಿಯನ್ನು ಹಿಡಿದು ತಲೆ ಓರೆ ಮಾಡಿದಳು. ಹನಿ ಕೊಕ್ಕಿನ ಮೇಲೆ ಬಿದ್ದು ಜಾರಿತು. ಎರಡನೆಯದು ಕಣ್ಣಿನಲ್ಲೇ ಬಿತ್ತು.

"ಬಿಡಬ್ಯಾಡ," ಎಂದಳು ಕುಲ್ಸುಮಬಿ, "ಮಿಟುಕಿಸ್ಲಿ."

ಹ್ಯಾಟಿ ಕಣ್ಣು ಮಿಟುಕಿಸಿತು.

"ಬಿಡು."

ಇಪ್ಪತ್ತರ ಹೊತ್ತಿಗೆ ಕೈ ಹತೋಟಿಗೆ ಬಂತು. ಆಚೆ ಓಣಿಯಿಂದ ತಂದ ಒಂದು ತೂಕಡಿಸುವ ಹುಂಜವನ್ನು ದೂರದಿಂದಲೇ ತಡೆದು, "ಇದಕ್ಕಲ್ಲವ್ವಾ, ಮನಿಗೆ ಒಯ್ದು ಬ್ಯಾರೆ ಇಡು," ಎಂದಳು. ದನಿ ತನ್ನದಲ್ಲವೆಂಬಂತೆ ಕೇಳಿತು. ಹಾಕಿದ ಕೋಳಿಗೇ ಮತ್ತೆ ಹಾಕಬಾರದೆಂದು ಬಟ್ಟೆಯ ನೀಲಿ ಕಲಸಿ ಬೆನ್ನಿಗೆ ಬೊಟ್ಟಿಡಬೇಕಿತ್ತು. ಆ ಬಟ್ಟಲು ಹಿಡಿಯಲು ಕೈ ಸಾಲದಾದಾಗ, ಕಂಬದ ಬಳಿ ಮುಖ ಗಂಟಿಕ್ಕಿ ನಿಂತಿದ್ದ ನೆಗೆಣ್ಣಿ ಬಂದು ಅದನ್ನು ಕಿತ್ತುಕೊಂಡು ಕೂತಳು. ಬೆರಳದ್ದುವುದು, ಬೊಟ್ಟಿಡುವುದು.

ಒಮ್ಮೆ ಹಾಕಿಸಿಕೊಂಡವರು ಉಳಿದವನ್ನು ತರಲು ಓಡುತ್ತಿದ್ದರು. ಹಾಕಿದವನ್ನು ಕೈಯಲ್ಲಿ ಹಿಡಿದು ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. "ಬಿಟ್ಟುಬಿಡ್ರಿ, ತಮ್ಮ ತಮ್ಮ ಮನಿ ಅವಕ್ಕ ಗೊತ್ತೈತಿ," ಎಂದು ಗುಡ್ಡವ್ವ ನುಚ್ಚು ಎರಚಿದಳು. ಹಿತ್ತಲ ತುಂಬ ಬೇರೆ ಬೇರೆ ಮನೆಯ ಕೋಳಿಗಳು ಒಂದನ್ನೊಂದು ಕುಕ್ಕುತ್ತ, ಸರಿಯುತ್ತ, ಮತ್ತೆ ನುಚ್ಚಿಗೆ ಬಗ್ಗುತ್ತ ಓಡಾಡಿದವು. ಕೊನೆಯ ಹನಿ ಹಾಕಿ ಶೀಷೆ ಬೋರಲು ಹಿಡಿದಾಗ ಬೆಳಕು ಮಂಕಾಗಿತ್ತು. ಥರ್ಮಾಸಿನಲ್ಲಿ ನೀರಷ್ಟೇ ಇತ್ತು. ಕುಲ್ಸುಮಬಿ ಒದ್ದೆ ನೆಲದಲ್ಲೇ ಕೂತಳು. ಈಗ ಜೈತೂನ ಅವಳನ್ನು ಹಿಡಿದುಕೊಂಡಳು.

ಗಂಡಸರು ಮಣ್ಣು ಕೊಟ್ಟು ಮರಳಿ ಓಣಿಗೆ ಬಂದಾಗ, ಶಮಶೇರಸಾಬ ಎಲ್ಲರಿಗಿಂತ ಮುಂದಿದ್ದ. ಎದುರಿಗೆ ಸತ್ತವನ ಮನೆಯ ಸಂದಿಯಿಂದ ಕೋಳಿಗಳು ಹೊರಬೀಳುತ್ತಿದ್ದವು. ಎರಡು, ಮೂರು, ನಾಲ್ಕು, ಪ್ರತಿಯೊಂದರ ಬೆನ್ನ ಮೇಲೂ ನೀಲಿ ಬೊಟ್ಟು. ಅವನು ಹಿಂದಿನವರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದ. ಬಿಳಿ ಟೊಪ್ಪಿಗೆಯ ಗಂಡಸರು ಓಣಿಯ ಎರಡೂ ಗೋಡೆಗಳಿಗೆ ಬೆನ್ನು ಹಚ್ಚಿ ನಿಂತರು. ಕೋಳಿಗಳು ಅವರ ನಡುವೆ, ಮಣ್ಣು ಮೆತ್ತಿದ ಪಾದಗಳನ್ನು ಬಳಸಿಕೊಂಡು ನಡೆದು, ಒಂದೊಂದು ಬಾಗಿಲು ಬಂದಾಗ ಒಂದಿಷ್ಟು ತಿರುಗಿ ಒಳಗೆ ಹೋದವು. ಹಿಂದುಳಿದ ಒಂದು ಕರಿ ಹ್ಯಾಟಿ ನಟ್ಟನಡುವೆ ನಿಂತು, ಕತ್ತು ನೆಟ್ಟಗೆ ಮಾಡಿ ಆಚೆ ಈಚೆ ನೋಡಿತು. ಅದು ಹೆಜ್ಜೆ ಎತ್ತುವವರೆಗೆ ಗಂಡಸರಲ್ಲಿ ಯಾರೂ ಕದಲಲಿಲ್ಲ.