ಏರಿನಲ್ಲಿ ಮಿಸ್ಸಿಂಗ್

ಸುಂಕದಕಟ್ಟೆಯಲ್ಲಿ ನರ್ಸರಿ ನಡೆಸುವ ಜಗದಾಂಬಾ ತಮ್ಮ ಹಳೆಯ ಪೆಟ್ರೋಲ್ ಪಿಕಪ್ಪನ್ನು ಇಪ್ಪತ್ತು ವರ್ಷದಿಂದ ತಾವೇ ಓಡಿಸುತ್ತಿದ್ದರು. ಈಚೆಗೆ ಅದು ಮಿಸ್ಸಿಂಗ್ ಹೊಡೆಯಲು ಶುರುಮಾಡಿತ್ತು. ಕುಂಡ, ಮಣ್ಣಿನ ಚೀಲ ಹೇರಿಕೊಂಡು ಹೋಗುವಾಗ ಒಮ್ಮೊಮ್ಮೆ ಎಂಜಿನ್ ತಡವರಿಸಿ, ಗಾಡಿ ಎಳೆಯುತ್ತಲೇ ಇರಲಿಲ್ಲ. ಗ್ಯಾರೇಜಿಗೆ ಒಯ್ದರೆ ಮಾತ್ರ ಹೊಲಿಗೆ ಮಿಷನ್ನಿನಂತೆ ಓಡುತ್ತಿತ್ತು. ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಇನ್ನೊಬ್ಬ ಅವರ ಗಂಡ ಕರಿಬಸಪ್ಪನವರನ್ನು ಪಕ್ಕಕ್ಕೆ ಕರೆದು, "ಗಾಡಿ ಸರಿಯಾಗೇ ಇದೆ ಸಾರ್. ಮೇಡಂ ಕ್ಲಚ್ ಬಿಡೋದು ಸರಿ ಇಲ್ಲ" ಎಂದ.

"ನೀನು ಕ್ಲಚ್ ಸರಿಯಾಗಿ ಬಿಡ್ತಿಲ್ವಂತೆ. ಒಬ್ಬ ಡ್ರೈವರ್ ಇಟ್ಕೊಳ್ಳೋಣ ಕಣೇ," ಎಂದರು ಕರಿಬಸಪ್ಪ, ಊಟಕ್ಕೆ ಕೂತಾಗ. ಜಗದಾಂಬಾ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ಮರುದಿನ ಲೋಡ್ ಸಮೇತ ಅವರು ಶ್ರೀಗಂಧದ ಕಾವಲ್‌ನ ಚನ್ನಕೇಶವನ ಗ್ಯಾರೇಜಿಗೆ ಹೋದರು. ಅವನು ಬಾನೆಟ್ ಎತ್ತಲಿಲ್ಲ.

"ಯಾವಾಗ ಆಗುತ್ತೆ ಅಕ್ಕ?"

"ಲೋಡ್ ಇದ್ದಾಗ, ಏರಲ್ಲಿ. ಇಳಿಜಾರಲ್ಲಿ ಒಂದ್ ಸಲಾನೂ ಆಗಿಲ್ಲ. ನಾನು ಕ್ಲಚ್ ಬಿಡೋದೇ ಸರಿ ಇಲ್ಲ ಅಂತಾರೆ."

"ನಡೀರಿ, ನಾನೂ ಬರ್ತೀನಿ. ನೀವೇ ಓಡಿಸಿ."

ಮಾಗಡಿ ರಸ್ತೆಯ ಏರಿನಲ್ಲಿ ಸೆಕೆಂಡ್ ಗೇರಿಗೆ ಬಂದದ್ದೇ ಎಂಜಿನ್ ತಡವರಿಸಿತು. ಆ ಸದ್ದು ಕೇಳಿ ಜಗದಾಂಬಾಗೆ ಇದೇ ಮೊದಲ ಸಲ ಸಮಾಧಾನವಾಯಿತು; ಈಗ ಮೆಕ್ಯಾನಿಕ್ಕೂ ಪಕ್ಕದಲ್ಲೇ ಇದ್ದ. ಚನ್ನಕೇಶವ ಅವರ ಕಾಲನ್ನೇ ನೋಡುತ್ತಿದ್ದ. "ಕ್ಲಚ್ಚಿಂದಲ್ಲ ಇದು," ಎಂದ.

ವಾಪಸ್ ಬಂದು ಬಾನೆಟ್ ತೆರೆದು ಪಕ್ಕಕ್ಕೆ ನಿಂತ. "ಬ್ರೇಕ್ ಒತ್ತಿ ಹಿಡೀರಿ. ಫಸ್ಟ್ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಆಫ್ ಆಗ್ಬಾರ್ದು."

ಅವರು ಹಾಗೇ ಮಾಡಿದರು. ಎಂಜಿನ್ ಗುಡುಗಿ ಒಂದು ಪಕ್ಕಕ್ಕೆ ವಾಲಿತು; ನಿಂತಲ್ಲೇ ಮಿಸ್ಸಿಂಗ್!

"ಹಂಗೇ ಹಿಡೀರಿ, ಹಂಗೇ!" ಟಾರ್ಚ್ ಬೆಳಕು ಬಿಟ್ಟು ನೋಡಿದ ಚನ್ನಕೇಶವ, ಅವರನ್ನು ಇಳಿಸಿ ತೋರಿಸಿದ. "ಎಂಜಿನ್ ಕೂರೋ ರಬ್ಬರ್ ಹರಿದಿದೆ. ಎಳೆಯುವಾಗ ಎಂಜಿನ್ ವಾಲುತ್ತೆ, ಪ್ಲಗ್ ವೈರ್ ಜಗ್ಗಿ ಕಾಂಟ್ಯಾಕ್ಟ್ ಬಿಡುತ್ತೆ. ಸುಮ್ನೆ ನಿಂತಿರೋ ಗಾಡೀಲಿ ಹುಡುಕಿದ್ರೆ ಎಲ್ಲಿ ಸಿಗುತ್ತೆ? ನೀವು ಕ್ಲಚ್ ಅಷ್ಟ್ ಹೊತ್ತು ಹಿಡಿದಿದ್ದಕ್ಕೆ ಕಾಣಿಸ್ತು."

ಮಧ್ಯಾಹ್ನದ ಹೊತ್ತಿಗೆ ರಬ್ಬರೂ ವೈರೂ ಹೊಸದಾದವು. ಅದೇ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿತು. ಜಗದಾಂಬಾ ಹೊಸಹಳ್ಳಿಯ ಮನೆಯೊಂದಕ್ಕೆ ಕುಂಡಗಳನ್ನು ಇಳಿಸಿ, ಹರಿದ ರಬ್ಬರನ್ನು ಸೀಟಿನ ಮೇಲಿಟ್ಟುಕೊಂಡು ನರ್ಸರಿಗೆ ಮರಳಿದರು.

ಕರಿಬಸಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಆ ಮೆಕ್ಯಾನಿಕ್ ಮಾತು ಕೇಳ್ಬಾರ್ದಿತ್ತು ನಾನು," ಎಂದರು ತಗ್ಗಿದ ದನಿಯಲ್ಲಿ.

"ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ವಾ?" ಎಂದರು ಜಗದಾಂಬಾ. ಆಮೇಲೆ ಗಾಡಿಯ ಹಿಂದಿನ ಬಾಗಿಲು ತೆರೆದು, "ನಾಳೆ ವಿಜಯನಗರಕ್ಕೆ ಗೊಬ್ಬರ ತಗೊಂಡು ಹೋಗ್ಬೇಕು ನಾನು. ಬನ್ನಿ, ಚೀಲಕ್ಕೆ ಒಂದ್ ಕೈ ಹಾಕಿ," ಎಂದರು.