ದೇವವ್ವನ ಬಟ್ಟಲ ಕೇಕು

ಮುದುಕವ್ವ ಬುಟ್ಟಿಯನ್ನು ಕಾಲಿನಿಂದ ಹಿತ್ತಲ ಬಾಗಿಲಿನತ್ತ ದೂಡುತ್ತಿದ್ದಳು. ಅದರ ತುಂಬ ಬಟ್ಟಲ ಕೇಕುಗಳಿದ್ದವು. ನಿನ್ನೆ ಸಂಜೆ ಅವುಗಳನ್ನು ಬೇಯಿಸಿ ಇಳಿಸಿದ ದೇವವ್ವ ಒಲೆಯ ಮುಂದೆಯೇ ಕುಸಿದು ಸತ್ತಿದ್ದಳು. ಈಗ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ಹಣೆಗೆ ಯಾರೋ ವಿಭೂತಿ ಹಚ್ಚುತ್ತಿದ್ದರು.

“ಸತ್ತ ಮನ್ಯಾಗಿನ ಅಡಗಿ ಇಟ್ಕೋಬಾರದು. ತಿಪ್ಪಿಗೆ ಚೆಲ್ರಿ,” ಎಂದಳು ಮುದುಕವ್ವ. ಅವಳು ದೇವವ್ವನ ಗಂಡ ಲಕ್ಕಪ್ಪನ ಅಕ್ಕ.

“ಜೀವ ಇದ್ದಾಗ ಮಾಡ್ಯಾಳಲ್ರಿ ಅಕ್ಕಾರ,” ಎಂದಳು ಪಕ್ಕದ ಮನೆಯ ಮೋತಿಬಿ. “ಕೋಳಿ ತತ್ತಿ ಕೊಟ್ಟಾಕಿ ನಾನ.”

“ಅದಕ್ಕ ಚೆಲ್ರಿ ಅಂದೆ.”

ಇಬ್ಬರೂ ಲಕ್ಕಪ್ಪನನ್ನು ನೋಡಿದರು. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ನಿನ್ನೆಯಿಂದ ಅಳು ಬಂದಿರಲಿಲ್ಲ. ಯಾರೋ ಕೊಟ್ಟ ಚಹಾ ಪಕ್ಕದಲ್ಲಿ ಕೆನೆಗಟ್ಟಿತ್ತು.

*

ದೇವವ್ವ ಹದಿನಾಲ್ಕು ವರ್ಷ ಬೆಟಗೇರಿಯಲ್ಲಿ ಒಬ್ಬ ಬಿಳಿ ದೊರೆಸಾನಿಯ ಅಡಿಗೆಮನೆಯಲ್ಲಿ ದುಡಿದಿದ್ದಳು. ಸ್ವಾತಂತ್ರ್ಯ ಬಂದ ವರ್ಷ ದೊರೆಸಾನಿ ತನ್ನ ದೇಶಕ್ಕೆ ಹೊರಟಾಗ ತಗಡಿನ ಸಣ್ಣ ಬಟ್ಟಲುಗಳನ್ನು ಅವಳಿಗೆ ಕೊಟ್ಟು ಹೋದಳು. ಆಮೇಲೆ ಒಂಬತ್ತು ವರ್ಷ, ದಸರೆ ಮುಗಿದು ಗಾಳಿ ತಣ್ಣಗಾಗುತ್ತಲೇ ದೇವವ್ವ ಹಿತ್ತಲಲ್ಲಿ ಒಲೆ ಹೂಡುತ್ತಿದ್ದಳು. ಗೋಧಿಹಿಟ್ಟು, ಬೆಲ್ಲ, ಹೆಚ್ಚಿದ ಉತ್ತತ್ತಿ, ದ್ರಾಕ್ಷಿ, ಪೇರಲ. ಕುಟ್ಟಿದ ಲವಂಗ, ದಾಲ್ಚಿನ್ನಿ. ಬಟ್ಟಲುಗಳನ್ನು ದೊಡ್ಡ ಪಾತ್ರೆಯಲ್ಲಿ ಮರಳಿನ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುವಳು.

ತತ್ತಿ ಇದೆಯೆಂದು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಒಳಗಿನ ಒಲೆ ಮುಟ್ಟಬೇಕಾದರೆ ಅದನ್ನು ತಿನ್ನಬಾರದು ಎಂದು ಮುದುಕವ್ವ ಆಣೆ ಹಾಕಿಸಿದ್ದರಿಂದ ದೇವವ್ವನೂ ತಿನ್ನಲಿಲ್ಲ. ವಾಸನೆಯಿಂದಲೇ ಹದ ಹಿಡಿಯುತ್ತಿದ್ದಳು. ಎಲ್ಲ ಮೋತಿಬಿಯ ಮನೆಗೆ ಹೋಗುತ್ತಿತ್ತು.

ನಿನ್ನೆ ಲಕ್ಕಪ್ಪ ಕೇಳಿದ್ದ: “ಇಷ್ಟ್ಯಾಕ ಮಾಡಾಕತ್ತಿ? ಯಾರು ತಿಂತಾರ?”

“ನಾಳೆ ಮೆರವಣಗಿ ಐತಲ್ಲ. ಕನ್ನಡದವ್ರೆಲ್ಲಾ ಒಂದಾದ್ರು ಅಂತಾರ. ಹಂಚಿ ನೋಡೂಣು.”

“ತಗೊಳ್ಳಿಲ್ಲಂದ್ರ?”

“ಮೋತಿಬಿ ಅದಾಳ,” ಎಂದು ಅವಳು ಕೆಂಡ ಕೆದಕಿದ್ದಳು.

*

ಹೆಣ ಎತ್ತಿದಾಗ ಲಕ್ಕಪ್ಪ ಬುಟ್ಟಿಯನ್ನು ಬಗಲಿಗೇರಿಸಿಕೊಂಡ. ಮುದುಕವ್ವ ಒಳಗಿನಿಂದ ಒಗೆದ ವಸ್ತ್ರ ತಂದು ಬುಟ್ಟಿಗೆ ಹೊದಿಸಿದಳು. “ಧೂಳ ಬೀಳತೈತಿ,” ಎಂದಳು.

ಪೇಟೆಯ ತಿರುವಿನಲ್ಲಿ ಮೆರವಣಿಗೆ ಅಡ್ಡ ಬಂತು. ಹಲಗೆಯ ಬಡಿತ, ಜಯಕಾರ. ಹೆಣ ಹೊತ್ತವರು ಅದು ದಾಟುವವರೆಗೆ ನಿಂತರು. ಯಾರೋ ಲಕ್ಕಪ್ಪನ ಅಂಗೈಗೆ ಸಕ್ಕರೆ ಹಾಕಿ ಮುಂದೆ ಹೋದರು. ಅವನು ಬಾಯಿಗೆ ಹಾಕಿಕೊಂಡ, ರುಚಿ ತಿಳಿಯಲಿಲ್ಲ. ಬುಟ್ಟಿ ತೆರೆಯಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ಸುಡುಗಾಡಿನಲ್ಲಿ ಮಣ್ಣು ಕೊಟ್ಟವರೆಲ್ಲ ಕೈಕಾಲು ತೊಳೆಯಲು ಬಾವಿಯತ್ತ ಹೋದರು. ಕುಣಿ ತೋಡಿದ ಹುಲಗಪ್ಪ ಸನಿಕೆ ಬದಿಗಿಟ್ಟು ಕುಳಿತಿದ್ದ. ಲಕ್ಕಪ್ಪ ಅವನ ಮುಂದೆ ಬುಟ್ಟಿ ಇಳಿಸಿದ.

“ತತ್ತಿ ಹಾಕೈತಿ. ತಿಂತೀಯೇನ?”

“ಹೊಟ್ಟಿ ಹಸದೈತ್ರಿ.” ಹುಲಗಪ್ಪ ಒಂದನ್ನು ಎರಡೇ ತುತ್ತಿಗೆ ಮುಗಿಸಿದ. ಇನ್ನೊಂದನ್ನು ನಿಧಾನ ಅಗಿದ. “ಬೇಷ್ ಆಗೈತ್ರಿ. ಲವಂಗ ಒಂಚೂರು ಹೆಚ್ಚು. ಯಾರು ಮಾಡಿದ್ದು?”

ಲಕ್ಕಪ್ಪ ಹೊಸ ಮಣ್ಣಿನ ಗುಡ್ಡೆಯತ್ತ ಕೈ ತೋರಿಸಿದ. ಲವಂಗ ಹೆಚ್ಚಾಗಿತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಹುಲಗಪ್ಪ ಅಗಿಯುವುದನ್ನು ನಿಲ್ಲಿಸಿದ. ಅವನ ಗಡ್ಡದಿಂದ ಉದುರಿದ ಚೂರೊಂದನ್ನು ಹೊತ್ತು ಇರುವೆಗಳು ಹಸಿ ಮಣ್ಣು ಏರತೊಡಗಿದ್ದವು. ಲಕ್ಕಪ್ಪ ಕಾಲು ಹಿಂದೆ ಸರಿಸಿ ಅವಕ್ಕೆ ದಾರಿ ಬಿಟ್ಟ.