ಗಡಿಯಾರದಮ್ಮನ ಎರಡು ಹಾಸಿಗೆ

ಕೋರ್ಟಿನಿಂದ ವಾಪಸು ಬಂದ ಹಾಸಿಗೆಯನ್ನು ಗಡಿಯಾರದಮ್ಮ ನೇರವಾಗಿ ನನ್ನ ಅಂಗಡಿಗೇ ತಂದಳು. ತಳ್ಳುಗಾಡಿಯವನು ಅದನ್ನು ಕೆಳಗಿಳಿಸಿ, ಎರಡೂ ಕೈಯನ್ನು ನನ್ನ ಗೋಡೆಗೆ ಒರೆಸಿ, ತಿರುಗಿ ನೋಡದೆ ಹೋದ. ನಲವತ್ತು ವರ್ಷದಿಂದ ನಾನು ಹಳೇ ಹಾಸಿಗೆ ಬಿಚ್ಚಿ, ಹತ್ತಿ ಬಿಡಿಸಿ, ಮತ್ತೆ ತುಂಬಿ ಹೊಲಿಯುವವಳು. ಜನ ಹಾಸಿಗೆಯ ಮೇಲೆ ಏನೇನು ಮಾಡುತ್ತಾರೋ ಅದೆಲ್ಲ ಕೊನೆಗೆ ನನ್ನ ಮೂಗಿಗೇ ಬರುತ್ತದೆ. ಮಕ್ಕಳ ಉಚ್ಚೆ, ಮುದುಕರ ಕಫ, ಕಾಯಿಲೆಯವರ ಬೆವರು, ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ಅವತ್ತು ಸಿಂಡರಿಸಿದೆ.

ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳ ಗಂಡ, ಗಡಿಯಾರ ರಿಪೇರಿಯ ಯಜಮಾನರು, ಉಂಡು ಇದರ ಮೇಲೆ ಅಡ್ಡಾಗಿದ್ದಾಗ ಯಾರೋ ಸುತ್ತಿಗೆಯಿಂದ ತಲೆ ಒಡೆದು ಕೊಂದಿದ್ದರು. ಗಡಿಯಾರದಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು. ಮನೆಯಲ್ಲಿದ್ದವರು ಇಬ್ಬರು ಗಂಡುಮಕ್ಕಳು ಮಾತ್ರ. ದೊಡ್ಡವನು ಚಿಕ್ಕವನನ್ನು ತೋರಿಸಿದ, ಚಿಕ್ಕವನು ದೊಡ್ಡವನನ್ನು. ದೊಡ್ಡವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಲ್ಲಗೆ ಮಾತಾಡುವವನು. ಚಿಕ್ಕವನು ಲಾರಿ ಓಡಿಸುವವನು, ಬಾಯಿ ಬಿಟ್ಟರೆ ಬೈಗುಳ. ಕೋರ್ಟು ಇಸ್ತ್ರಿ ಅಂಗಿಯನ್ನು ನಂಬಿತು. ಚಿಕ್ಕವನು ಜೈಲಿಗೆ ಹೋದ, ಹಾಸಿಗೆ ಸಾಕ್ಷಿಯೆಂದು ಕೋರ್ಟಿನಲ್ಲೇ ಉಳಿಯಿತು. ಒಂಬತ್ತು ವರ್ಷ ಕಳೆದ ಮೇಲೆ ಮೇಲಿನ ಕೋರ್ಟು, ಅಣ್ಣನೊಬ್ಬನ ಮಾತಿನ ಮೇಲೆ ತಮ್ಮನನ್ನು ಒಳಗಿಡಲಾಗದು ಎಂದು ಬಿಟ್ಟಿತು. ಅವನು ಮಾಡಿಲ್ಲ ಎಂದೇನೂ ಹೇಳಲಿಲ್ಲ.

ಹಾಗಾಗಿ ನಮ್ಮ ಬೀದಿಯಲ್ಲಿ ವಿಚಾರಣೆ ಮುಗಿಯಲೇ ಇಲ್ಲ. ಕ್ಷೌರದಂಗಡಿಯಲ್ಲಿ ಚಿಕ್ಕವನಿಗೆ ಗಲ್ಲು, ಹಿಟ್ಟಿನ ಗಿರಣಿಯಲ್ಲಿ ದೊಡ್ಡವನಿಗೆ. ಗಿರಣಿಯವನಂತೂ ಸುತ್ತಿಗೆ ಬಿದ್ದ ಸದ್ದನ್ನು ತನ್ನ ಬಾಯಿಂದಲೇ ಮಾಡಿ ತೋರಿಸುತ್ತಿದ್ದ. ಹಿಟ್ಟು ಬೀಳುವ ತನಕ ಕಾಯುವ ಹೆಂಗಸರು ಅದನ್ನು ಇನ್ನೊಮ್ಮೆ ಮಾಡಿಸುತ್ತಿದ್ದರು.

"ಏನಮ್ಮಾ ಇದು? ಸುಟ್ಟು ಹಾಕೋದು ಬಿಟ್ಟು ಇಲ್ಲಿಗೆ ಹೊತ್ತು ತಂದಿದ್ದೀಯ?" ಎಂದೆ.

"ಸುಡೋಕೆ ನಿನ್ನತ್ರ ಯಾಕೆ ಬರಲಿ? ಬೆಂಕಿಪೊಟ್ಟಣ ನಮ್ಮನೇಲೂ ಇದೆ," ಎಂದಳು. "ಬಿಚ್ಚು. ಒಂಟಿ ಹಾಸಿಗೆ ಎರಡು ಮಾಡು. ದೊಡ್ಡವನಿಗೊಂದು, ಚಿಕ್ಕವನಿಗೊಂದು. ಕಲೆ ಹತ್ತಿರೋ ಹತ್ತಿನ ಬಿಸಾಕಬೇಡ. ಎರಡಕ್ಕೂ ಅರ್ಧರ್ಧ ತುಂಬು."

ನಾನು ಅವಳ ಮುಖವನ್ನೇ ನೋಡಿದೆ. ತಲೆ ಕೆಟ್ಟವಳ ಹಾಗೆ ಕಾಣಲಿಲ್ಲ. ತುಟಿ ಮಾತ್ರ ಒಣಗಿ ಸಿಪ್ಪೆ ಎದ್ದಿತ್ತು.

"ಚಿಕ್ಕವನು ಬಂದು ಎರಡು ತಿಂಗಳಾಯ್ತು," ಎಂದಳು. "ಬೆಳಗ್ಗೆ ದೊಡ್ಡವನು ಮಾತ್ರೆ ಬಿಡಿಸಿ ಕೊಡ್ತಾನೆ. ಸಾಯಂಕಾಲ ಚಿಕ್ಕವನು ಲೋಟದಲ್ಲಿ ನೀರು ತಂದಿಡ್ತಾನೆ. ಇಬ್ಬರ ಕೈನೂ ನೋಡ್ತೀನಿ. ಎರಡೂ ನಾನೇ ತೊಳೆದು ಬೆಳೆಸಿದ ಕೈ. ಯಾವುದರಲ್ಲಿತ್ತೇ ಆ ಸುತ್ತಿಗೆ? ಮಾತ್ರೆ ಸೆರಗಲ್ಲಿ ಕಟ್ಟಿಕೊಂಡು ಆಮೇಲೆ ಬಚ್ಚಲಿಗೆ ಹಾಕ್ತೀನಿ. ನೀರು ನಲ್ಲಿಗೆ ಬೊಗಸೆ ಒಡ್ಡಿ ಕುಡೀತೀನಿ, ದನದ ಹಾಗೆ. ಇನ್ನೆಷ್ಟು ದಿನ? ಯಾರ ಕೈನೀರು ಕುಡೀಬೇಕು ಅಂತ ಗೊತ್ತಾದ್ರೆ ಸಾಕು ನನಗೆ."

"ಹಾಸಿಗೆ ಏನು ಹೇಳುತ್ತೆ?"

"ಮಾಡಿದವನಿಗೆ ಇದರ ಮೇಲೆ ನಿದ್ದೆ ಹತ್ತಲ್ಲ. ಜಡ್ಜಿಗೆ ಸಿಗದೇ ಇದ್ದದ್ದು ಹೆತ್ತವಳಿಗೆ ಸಿಗುತ್ತೆ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವಳು ಎರಡು ಹೆಗ್ಗಣಗಳಲ್ಲಿ ಯಾವುದನ್ನು ಮುದ್ದಿಸಬೇಕೋ ತಿಳಿಯದೆ ಇಬ್ಬರ ಬೆನ್ನಡಿಗೂ ಗಂಡನ ರಕ್ತ ಹಾಸಲು ಹೊರಟಿದ್ದಳು. ಆಗದು ಎನ್ನಬೇಕಿತ್ತು. ಆ ತುಟಿ ನೋಡಿ ಹೂಂ ಎಂದುಬಿಟ್ಟೆ.

ಮರುದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲಿಗೆ ಬಿಚ್ಚಿದೆ. ಅಂಚಿನಲ್ಲಿ ಅರಗಿನ ಮುದ್ರೆ ಒತ್ತಿದ ಚೀಟಿ ಇನ್ನೂ ನೇತಾಡುತ್ತಿತ್ತು. ತಲೆಯ ಕಡೆಯ ಹತ್ತಿ, ಹತ್ತಿಯಾಗಿ ಉಳಿದಿರಲಿಲ್ಲ. ಅಂಟಿನಲ್ಲಿ ಅದ್ದಿ ಒಣಗಿಸಿದ ಹಾಗೆ, ಎರಡು ಅಂಗೈ ಅಗಲದ ಕಂದು ಚಕ್ಕೆಯಾಗಿತ್ತು. ತಟ್ಟಿದರೆ ಸದ್ದು ಬರುತ್ತಿತ್ತು. ಮುರಿದಾಗ ಒಳಗಿನಿಂದ ಸಣ್ಣ ಕಪ್ಪು ಹುಳಗಳು ದಡಬಡಿಸಿ ನನ್ನ ಮೊಣಕೈ ತನಕ ಹತ್ತಿದವು. ಒಂಬತ್ತು ವರ್ಷ ಕೋರ್ಟಿನ ಕೋಣೆಯಲ್ಲಿ ಅವು ಯಜಮಾನರನ್ನೇ ತಿಂದುಕೊಂಡು ಮರಿ ಹಾಕುತ್ತಾ ಬಂದಿದ್ದವು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ.

ಹತ್ತಿ ಬಿಡಿಸುವ ಯಂತ್ರ ನನ್ನಲ್ಲಿರುವುದು ಒಂದೇ. ಊರಿನವರೆಲ್ಲರ ದಿಂಬಿನ ಹತ್ತಿ ಅದರ ಹಲ್ಲಿನಲ್ಲೇ ಹಾದು ಹೋಗುತ್ತದೆ. ಅದರ ಬಾಯಿಗೆ ಆ ಚಕ್ಕೆಯನ್ನು ಕೊಡಲು ನನ್ನ ಕೈ ಬರಲಿಲ್ಲ. ಹಿತ್ತಲಿನಲ್ಲಿ ತಗಡಿನ ಡಬ್ಬಕ್ಕೆ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟೆ. ಕೂದಲು ಸುಟ್ಟ ವಾಸನೆ ಬಂತು. ಕಡಿಮೆ ಬಿದ್ದಷ್ಟು ಹೊಸ ಹತ್ತಿ ಸೇರಿಸಿ, ಹಳೆಯದರಲ್ಲಿ ಒಳ್ಳೆಯದಿದ್ದುದನ್ನು ಬಿಸಿಲಿಗೆ ಹಾಕಿ, ಬಡಿದು, ಬಿಡಿಸಿ, ಎರಡು ಒಂಟಿ ಹಾಸಿಗೆ ಹೊಲಿದೆ. ಯಾರಿಗೂ ಹೇಳಲಿಲ್ಲ. ಮುದುಕಿಯ ಹುಚ್ಚು ಇಳಿದರೆ ಸಾಕು, ಒಳಗೇನಿದ್ದರೇನು ಎಂದುಕೊಂಡೆ.

ಹಾಸಿಗೆ ಒಪ್ಪಿಸಲು ಹೋದಾಗ ಅವಳು ಇಬ್ಬರನ್ನೂ ನಡುಮನೆಗೆ ಕರೆದು ನಿಲ್ಲಿಸಿದ್ದಳು. ದೊಡ್ಡವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಟವೆಲು ಹಿಂಡುತ್ತ ನಿಂತಿದ್ದಳು.

"ನಿಮ್ಮಪ್ಪನ ಹಾಸಿಗೆ," ಎಂದಳು ಗಡಿಯಾರದಮ್ಮ. "ಅವರ ರಕ್ತ ಅರ್ಧ ಇದರಲ್ಲಿದೆ, ಅರ್ಧ ಅದರಲ್ಲಿದೆ. ಇವತ್ತಿಂದ ಇಬ್ಬರೂ ಇದರ ಮೇಲೇ ಮಲಗಬೇಕು. ನಾನು ಬಾಗಿಲಲ್ಲಿ ಕೂತಿರ್ತೀನಿ."

"ಥೂ ಅತ್ತೆ! ಮನುಷ್ಯರು ಮಾಡೋ ಕೆಲಸನಾ ಇದು?" ಎಂದು ಸೊಸೆ ಬಾಯಿಗೆ ಟವೆಲು ಒತ್ತಿಕೊಂಡಳು. "ನಾನಂತೂ ಮಕ್ಕಳ ಕೋಣೇಲಿ ಮಲಗ್ತೀನಿ."

ದೊಡ್ಡವನು ಬಗ್ಗಿ, ಅಂಗೈಯಿಂದ ಹಾಸಿಗೆಯನ್ನು ಎರಡು ಕಡೆ ಒತ್ತಿ ನೋಡಿದ.

"ಗಟ್ಟಿಯಾಗಿ ತುಂಬಿದ್ದೀರಿ," ಎಂದ ನನಗೆ. ಆಮೇಲೆ ತಾಯಿಗೆ, "ನಿನ್ನ ಸಮಾಧಾನಕ್ಕೆ ಹಾಗೇ ಆಗಲಿ ಅಮ್ಮ. ಅಪ್ಪನದೇ ತಾನೆ, ಬೇರೆಯವರದ್ದಲ್ಲವಲ್ಲ."

ಚಿಕ್ಕವನು ಮುಟ್ಟಲೂ ಇಲ್ಲ. "ನಿನಗೆ ನನ್ನ ಕೇಳೋಕೆ ಬಾಯಿಲ್ವಾ?" ಎಂದ.

"ಕೇಳಿದ್ರೆ ಇಬ್ಬರೂ ಇಲ್ಲ ಅಂತೀರಿ."

"ಮತ್ತೆ ಹಾಸಿಗೆ ಹೌದು ಅನ್ನುತ್ತಾ? ನಿನ್ನ..." ಎಂದು ಬೈಗುಳವನ್ನು ಅರ್ಧಕ್ಕೇ ನುಂಗಿದ.

ನಾಲ್ಕನೆಯ ದಿನ ಬೆಳಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಗಡಿಯಾರದಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ತಲೆ ಬಾಚಿ, ತುಟಿಗೆ ಎಣ್ಣೆ ಹಚ್ಚಿಕೊಂಡಿದ್ದಳು.

"ಸಿಕ್ಕಿಬಿಟ್ಟ ಕಣೇ," ಎಂದಳು. "ದೊಡ್ಡವನು ತಲೆ ಇಟ್ಟದ್ದೇ ಗೊರಕೆ. ಮೂರು ರಾತ್ರಿನೂ ಅಷ್ಟೇ. ಚಿಕ್ಕವನು ಅದರ ಅಂಚಲ್ಲಿ ಕೂರೋದು, ಏಳೋದು. ಕೊನೆಗೆ ಬರೀ ನೆಲದ ಮೇಲೆ ಮಲಗಿದ, ಹಾಸಿಗೆಗೆ ಬೆನ್ನು ಮಾಡಿಕೊಂಡು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಈಗ ತಾನೆ ಹೋಗು ಅಂದೆ. ಚೀಲ ತಗೊಂಡು ಬಸ್ ನಿಲ್ದಾಣಕ್ಕೆ ಹೋದ. ಬೈಯಲೂ ಇಲ್ಲ. ದೊಡ್ಡವನು ಮಾತ್ರೆ ಕೊಟ್ಟ, ಅವನೇ ನೀರು ಕೊಟ್ಟ, ಗಟಗಟ ಕುಡಿದೆ."

"ಅಮ್ಮಾ, ಅದರಲ್ಲಿ ಏನೂ ಇರಲಿಲ್ಲ. ಆ ಹತ್ತಿನ ನಾನು ಸುಟ್ಟುಬಿಟ್ಟೆ," ಎಂದೆ.

"ಸುಟ್ಟದ್ದು ನಿನಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲವಲ್ಲ."

"ದೊಡ್ಡವನಿಗೂ ಗೊತ್ತಿರಲಿಲ್ಲ! ಅಪ್ಪನ ರಕ್ತ ಅಂತ ತಿಳಿದೂ ಅದರ ಮೇಲೆ ಬಿದ್ದುಕೊಂಡು ಗೊರಕೆ ಹೊಡೆದನಲ್ಲ, ಅವನು ಎಂಥವನಮ್ಮ? ಮನುಷ್ಯ ಆದವನು ನೆಲದ ಮೇಲೇ ತಾನೆ ಮಲಗೋದು?"

ಇದು ಅವಳಿಗೆ ಹೊಸ ಮಾತಲ್ಲ ಎಂಬುದು ಅವಳ ಕಣ್ಣು ನೋಡಿದ ಕೂಡಲೇ ತಿಳಿಯಿತು. ಬಾಗಿಲಲ್ಲಿ ಕೂತು ಆ ಗೊರಕೆ ಕೇಳುತ್ತ ಮೂರು ರಾತ್ರಿಯೂ ಅವಳು ಇದನ್ನೇ ಯೋಚಿಸಿದ್ದಳು.

"ಬಾಯಿ ಮುಚ್ಚೇ," ಎಂದಳು ಮೆಲ್ಲಗೆ. "ಮತ್ತೆ ಮೊದಲಿಂದ ಶುರು ಮಾಡೋ ಶಕ್ತಿ ನನಗಿಲ್ಲ. ಒಬ್ಬನನ್ನ ಕಳಕೊಂಡ್ರೆ ಒಬ್ಬನಾದ್ರೂ ಉಳೀತಾನೆ. ಇಬ್ಬರನ್ನೂ ಇಟ್ಟುಕೊಂಡ್ರೆ ಇಬ್ಬರೂ ಇಲ್ಲ. ನನಗೆ ಬಾಯಾರಿಕೆ ಆಗಿತ್ತು ಕಣೇ." ಎದ್ದು ಸೆರಗು ಕೊಡವಿದಳು. "ಚಿಕ್ಕವನ ಹಾಸಿಗೆ ಖಾಲಿ ಬಿದ್ದಿದೆ. ದೊಡ್ಡವನು ಎರಡೂ ಸೇರಿಸಿ ಒಂದೇ ಮಾಡಿಸೋಣ ಅಂದ. ಅಗಲವಾದ್ರೆ ಅವನ ಹೆಂಡತಿಗೂ ಆಗುತ್ತಂತೆ."

"ನನ್ನ ಕೈಲಿ ಆಗಲ್ಲ. ಇನ್ನು ಅದನ್ನ ನನ್ನ ಹೊಸಿಲಿಗೆ ತರಬೇಡ," ಎಂದೆ. ಅವಳು ಹೋದ ಮೇಲೆ ಮೆಟ್ಟಿಲಿಗೆ ನೀರು ಸುರಿದು ಪೊರಕೆಯಿಂದ ಉಜ್ಜಿದೆ. ಉಜ್ಜುತ್ತ ಉಜ್ಜುತ್ತ, ಚಿಕ್ಕವನು ಇನ್ನೂ ಬಸ್ ಹತ್ತಿರಲಿಕ್ಕಿಲ್ಲ ಎಂದು ಹೊಳೆದು, ಪೊರಕೆ ಅಲ್ಲೇ ಬಿಟ್ಟು ಹೊರಟೆ.

ಅವನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚೀಲವನ್ನು ಕಾಲಸಂದಿಯಲ್ಲಿಟ್ಟು ಕೂತಿದ್ದ. ಪಕ್ಕದಲ್ಲಿ ಜಾಗವಿದ್ದರೂ ಜನ ನಿಂತೇ ಇದ್ದರು; ಕ್ಷೌರದವನೂ ನಿಂತಿದ್ದ. ನಾನು ಹೋಗಿ ಕೂತೆ.

"ನೋಡಪ್ಪ, ಆ ಹಾಸಿಗೆಯಲ್ಲಿ ನಿಮ್ಮಪ್ಪನ ರಕ್ತ ಇರಲಿಲ್ಲ. ಕಲೆ ಆದದ್ದನ್ನೆಲ್ಲ ನಾನು ಮೊದಲೇ ಸುಟ್ಟಿದ್ದೆ. ಹೊಸ ಹತ್ತಿ ಹಾಕಿದ್ದೆ. ನಿಮ್ಮಮ್ಮನಿಗೂ ಈಗ ಹೇಳಿದೆ."

"ಏನಂದ್ಲು?"

ನಾನು ಅವನ ಚೀಲದ ಕಡೆ ನೋಡಿದೆ. ಅವನು ತಲೆಯಾಡಿಸಿದ, ಕೇಳಿಸಿತು ಎನ್ನುವ ಹಾಗೆ. ನೀನು ಮಾಡಿದೆಯಾ ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದು ಕೂತಿತ್ತು. ಗಿರಣಿಯ ಹೆಂಗಸರಿಗೂ ನನಗೂ ಏನು ವ್ಯತ್ಯಾಸ ಎಂದು ನನ್ನ ಮೇಲೇ ಹೇಸಿಗೆಯಾಗಿ ಅದನ್ನು ಒಳಗೆ ತಳ್ಳಿದೆ. ಯಾರು ಮಾಡಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಬಸ್ಸು ಬಂತು. ಅವನು ಚೀಲ ಹೆಗಲಿಗೇರಿಸಿ ಎದ್ದ.

"ಮೊದಲೇ ಒಂದು ಮಾತು ಹೇಳೋದಲ್ವಾ ಅಜ್ಜಿ," ಎಂದ, ಹಲ್ಲು ಕಾಣುವಂತೆ ನಕ್ಕು. "ಮಲಗಿಬಿಡ್ತಿದ್ದೆ. ಒಂಬತ್ತು ವರ್ಷ ಜೈಲಿನ ಸಿಮೆಂಟು ನೆಲ. ಎಂಥ ಮೆತ್ತಗೆ ಕಾಣ್ತಿತ್ತು ಗೊತ್ತಾ ಅದು."